ಒರೆಗಲ್ಲಿಲ್ಲದ ಸರಕು

ನಾರಾಯಣಪೇಟೆಯ ಸೀರೆ ಅಂಗಡಿಗಾಗಲಿ, ಮಕ್ತಲ್‌ನ ಅಡತಿ ಅಂಗಡಿಗಾಗಲಿ, ಗದ್ವಾಲ್‌ನ ಬೀಜ-ಗೊಬ್ಬರದ ಅಂಗಡಿಗಾಗಲಿ ಲೆಕ್ಕದ ಸಾಫ್ಟ್‌ವೇರ್ ಮಾರಲು ಹೋದವನಿಗೆ ಮೊದಲು ಎದುರಾಗುವ ಪ್ರಶ್ನೆ ಬೆಲೆಯದ್ದಲ್ಲ. ಅದು ಏನೇನು ಕೆಲಸ ಮಾಡುತ್ತದೆ ಎನ್ನುವುದೂ ಆಮೇಲಿನ ಮಾತು. ಗಲ್ಲೆಯ ಹಿಂದೆ ಕೂತ ಸಾವಕಾರರು ಕನ್ನಡಕ ಮೇಲೇರಿಸಿ ಮೊದಲು ಕೇಳುವುದು ‘ಯಾವೂರ್ರೀ ನಿಮ್ದು?’ ಅಂತ. ಅದಕ್ಕೆ ಉತ್ತರ ಬಂದ ಮೇಲೆ ‘ಯಾರ ಪೈಕಿ?’, ಅದಾದ ಮೇಲೆ ‘ಇಲ್ಲಿ ಮತ್ಯಾರ ಅಂಗಡ್ಯಾಗ ಹಾಕೀರಿ?’ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮೂರು ದಿನ ತರಬೇತಿ ಪಡೆದು ಬಂದ ಹುಡುಗನಿಗೆ ಇದೆಲ್ಲ ಹೊತ್ತುಗಳೆಯುವ ಮಾತು ಅನ್ನಿಸುತ್ತದೆ. ಆದಷ್ಟು ಬೇಗ ಗಿರಾಕಿಯ ಕಷ್ಟಕ್ಕೆ ಬಾ, ಕಷ್ಟದಿಂದ ಪರಿಹಾರಕ್ಕೆ ಹೋಗು, ಪರಿಹಾರದಿಂದ ಸಹಿಗೆ ಬಾ ಎಂದು ಅವನಿಗೆ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಊರಿನ ಹೆಸರನ್ನು ಒಂದು ಪದದಲ್ಲಿ ಮುಗಿಸಿ ಲ್ಯಾಪ್‌ಟಾಪ್ ತೆರೆಯುತ್ತಾನೆ. ಬಹುಪಾಲು ಮಾರಾಟ ಮುರಿದುಬೀಳುವುದು ಅಲ್ಲೇ ಎಂಬುದು ನನ್ನ ಎಣಿಕೆ. ಸಾವಕಾರರು ಕೇಳಿದ್ದು ಹರಟೆಯ ಪ್ರಶ್ನೆಯಲ್ಲ, ಇಡೀ ವ್ಯವಹಾರದಲ್ಲಿ ಅದಕ್ಕಿಂತ ಲೆಕ್ಕಾಚಾರದ ಪ್ರಶ್ನೆ ಇನ್ನೊಂದಿಲ್ಲ. ಸಾಫ್ಟ್‌ವೇರ್ ಕಂಪನಿಯ ಮಾರಾಟದ ಕೆಲಸ ಎಂಥದ್ದು ಎಂದು ತಿಳಿಯಬೇಕಾದರೆ ಗಾಜಿನ ಕಟ್ಟಡಗಳಿಗಿಂತ ಈ ಪ್ರಶ್ನೆಯ ಬೆನ್ನು ಹತ್ತುವುದು ಲೇಸು.

ಕರ್ನಾಟಕದ ಗಡಿಗಂಟಿದ ತೆಲಂಗಾಣದ ಈ ಸೀಮೆ ಒರೆಗಲ್ಲುಗಳ ಸೀಮೆ. ನಾರಾಯಣಪೇಟೆಯ ಬಂಗಾರವೆಂದರೆ ಚೊಕ್ಕ ಬಂಗಾರ ಎಂಬ ಹೆಸರು ಸುತ್ತಲಿನ ಜಿಲ್ಲೆಗಳಲ್ಲಿದೆ; ಗಡಿಯಾಚೆಯ ಗುರುಮಠಕಲ್, ಯಾದಗಿರಿ ಕಡೆಯವರೂ ಮದುವೆಯ ಬಂಗಾರಕ್ಕೆ ಇತ್ತ ಬರುವುದುಂಟು. ಚೊಕ್ಕ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕರಿಯ ಕಲ್ಲಿನ ಮೇಲೆ ಗೆರೆ ಎಳೆದು, ಮೇಲೊಂದು ಹನಿ ಆಮ್ಲ ಬಿಟ್ಟು, ಗೆರೆ ಉಳಿಯಿತೋ ಅಳಿಯಿತೋ ನೋಡುತ್ತಿದ್ದರು. 2021ರ ಜೂನ್ 16ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದ ಮೇಲೆ ಕಲ್ಲಿನ ಜಾಗಕ್ಕೆ ಆರು ಅಕ್ಷರ-ಅಂಕೆಗಳ ಗುರುತು ಬಂತು. ಸೀರೆಗೂ ಒರೆಗಲ್ಲುಂಟು. ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವ ನಾರಾಯಣಪೇಟೆಯ ಮಗ್ಗವಿರಲಿ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕುಪ್ಪಡದ ಹೆಣಿಗೆಯಲ್ಲಿ ಕೂಡಿಸುವ ಗದ್ವಾಲ್‌ನ ಮಗ್ಗವಿರಲಿ, ಅಲ್ಲಿಂದ ಬಂದ ಸರಕನ್ನು ಬೆರಳೇ ಅಳೆಯುತ್ತದೆ. ಬೆರಳಿಗೆ ಅನುಮಾನ ಬಂದರೆ ಒಂದೆಳೆ ಕಿತ್ತು ಬೆಂಕಿಗೆ ಹಿಡಿದರಾಯಿತು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಇನ್ನು ಕೃಷ್ಣಾ-ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಿ, ಅಂದರೆ ಗದ್ವಾಲ್ ಸೀಮೆಯಲ್ಲಿ, ಬೆಳೆಯುವ ಹತ್ತಿಯ ಹೈಬ್ರಿಡ್ ಬೀಜ. ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೊಂದು ಹೂವಿನ ಪರಾಗವನ್ನು ಕೈಯಾರೆ ಮುಟ್ಟಿಸಿ, ಒಂದೊಂದು ಹೂವಿಗೂ ಹೆಣ್ಣುಮಕ್ಕಳ ಬೆರಳು ತಾಗಿ ಆದ ಬೀಜ ಅದು. ಅದರ ಗುಣ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಆದರೂ ಅದಕ್ಕೊಂದು ಒರೆಗಲ್ಲಿದೆ: ಮೊಳಕೆಯ ಪರೀಕ್ಷೆ, ಹೊಲದಲ್ಲಿ ಬೆಳೆಸಿ ತಳಿ ಶುದ್ಧವೋ ಎಂದು ನೋಡುವ ಪರೀಕ್ಷೆ. ಅದರ ಫಲಿತಾಂಶ ಬರುವ ತನಕ ರೈತನಿಗೆ ಕೊನೆಯ ಹಣವೂ ಬರುವುದಿಲ್ಲ.

ಇಷ್ಟು ಒರೆಗಲ್ಲುಗಳ ನಡುವೆ ಬದುಕುವ ಪೇಟೆಗೆ ಒಬ್ಬ ಬಂದು ಒರೆಗೇ ಸಿಗದ ಸರಕನ್ನು ಮುಂದಿಟ್ಟರೆ ಏನಾಗಬೇಕು? ಅರ್ಥಶಾಸ್ತ್ರಜ್ಞರು ಈ ಬಗೆಯ ಸರಕಿನ ಕುರಿತು ತಲೆ ಕೆಡಿಸಿಕೊಂಡು ಅರ್ಧ ಶತಮಾನ ದಾಟಿದೆ. 1970ರಲ್ಲಿ ಫಿಲಿಪ್ ನೆಲ್ಸನ್ ಸರಕುಗಳನ್ನು ಎರಡು ಬಗೆ ಮಾಡಿದ: ಕೊಳ್ಳುವ ಮೊದಲೇ ನೋಡಿ ಗುಣ ತಿಳಿಯಬಹುದಾದವು, ಬಳಸಿದ ಮೇಲಷ್ಟೇ ತಿಳಿಯುವಂಥವು. ಮೂರು ವರ್ಷದ ನಂತರ ಡಾರ್ಬಿ ಮತ್ತು ಕಾರ್ನಿ ಎಂಬಿಬ್ಬರು ಮೂರನೆಯದನ್ನು ಸೇರಿಸಿದರು: ಬಳಸಿದ ಮೇಲೂ ಗುಣ ಸುಲಭಕ್ಕೆ ತಿಳಿಯದವು, ನಂಬಿಕೆಯ ಮೇಲೇ ನಡೆಯುವಂಥವು. ಸೀರೆ ಮೊದಲನೆಯ ಜಾತಿ, ಬೀಜ ಎರಡನೆಯದು. ಲೆಕ್ಕದ ಸಾಫ್ಟ್‌ವೇರ್ ಹೊರನೋಟಕ್ಕೆ ಎರಡನೆಯದರಂತೆ ಕಂಡರೂ ನಿಜದಲ್ಲಿ ಮೂರನೆಯದಕ್ಕೇ ಹತ್ತಿರ. ಬಿಲ್ಲು ಅಚ್ಚಾಗಿ ಬಂತು, ಮೊತ್ತ ಕೂಡಿತು ಎಂದರೆ ಎಲ್ಲ ಸರಿಯಿದೆ ಎಂದರ್ಥವಲ್ಲ. ತೆರಿಗೆ ಸರಿಯಾದ ಅಂಕಣದಲ್ಲಿ ಬಿದ್ದಿದೆಯೋ ಇಲ್ಲವೋ ಎಂಬುದು ಎರಡು ವರ್ಷದ ಮೇಲೆ ನೋಟಿಸು ಬಂದಾಗ ಗೊತ್ತಾದರೂ ಗೊತ್ತಾಯಿತು. ಡೆಮೊ ಎಂದು ತೋರಿಸುತ್ತಾರಲ್ಲ, ಅದರಲ್ಲಿರುವ ಅಂಗಡಿಗೆ ಉದ್ರಿ ಗಿರಾಕಿಗಳಿರುವುದಿಲ್ಲ, ಮರಳಿ ಬಂದ ಸೀರೆ ಇರುವುದಿಲ್ಲ, ಎಲ್ಲ ಮೊತ್ತವೂ ಸೊನ್ನೆಯಲ್ಲೇ ಮುಗಿಯುತ್ತದೆ. ಅದು ಕನ್ಯೆ ನೋಡಲು ಹೋದ ದಿನದ ಮನೆಯಂತೆ. ಅಷ್ಟು ಚೊಕ್ಕಟವಾಗಿ ಆ ಮನೆ ಮತ್ತೆಂದೂ ಇರುವುದಿಲ್ಲ. ಅದನ್ನು ನೋಡಿ ನಂಬುವಷ್ಟು ಎಳಸು ಈ ಪೇಟೆಯ ವರ್ತಕರಲ್ಲ. ಸರಕಿಗೆ ಒರೆಗಲ್ಲಿಲ್ಲವಾದರೆ ಅವರು ಸರಕು ತಂದವನನ್ನೇ ಕಲ್ಲಿಗೆ ಉಜ್ಜಿ ನೋಡುತ್ತಾರೆ. ‘ಯಾವೂರ್ರೀ ನಿಮ್ದು’ ಎಂದರೆ ನಾಳೆ ಇದು ಕೆಟ್ಟು ಕೂತಾಗ ನಿನ್ನನ್ನು ಎಲ್ಲಿ ಹುಡುಕಲಿ ಎಂದರ್ಥ. ‘ಯಾರ ಪೈಕಿ’ ಎಂದರೆ ನೀನು ಸಿಗದಿದ್ದರೆ ಯಾರನ್ನು ಹಿಡಿಯಲಿ ಎಂದು. ‘ಮತ್ಯಾರಿಗೆ ಹಾಕೀರಿ’ ಎಂದರೆ ಇನ್ನು ಯಾರ ನಷ್ಟದಿಂದ ನಾನು ಪಾಠ ಕಲಿಯಬಹುದು ಎಂದು. ಮೂರು ಪ್ರಶ್ನೆಗೂ ಒಬ್ಬ ವಕೀಲನ ಚುರುಕಿದೆ.

ಗಡಿ ಇಲ್ಲಿ ಈ ಭಯವನ್ನು ಇಮ್ಮಡಿ ಮಾಡಿದೆ. 1956ರ ನವೆಂಬರ್ 1ಕ್ಕೆ ಮುಂಚೆ ರಾಯಚೂರು, ಯಾದಗಿರಿ, ಮಕ್ತಲ್, ಗದ್ವಾಲ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಂದೀಚೆಗೆ ರಾಜ್ಯಗಳು ಬೇರಾದವು, ಸಂತೆ ಬೇರಾಗಲಿಲ್ಲ. ನಾರಾಯಣಪೇಟೆ ರೋಡ್ ಎಂಬ ಹೆಸರು ಪಡೆದ ರೈಲು ನಿಲ್ದಾಣ ಇರುವುದೇ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಕೃಷ್ಣಾ ಎಂಬ ಊರಿನಿಂದ ನಿಜಾಮರ ಕಾಲದ ಸೇತುವೆ ದಾಟಿದರೆ ಆಚೆ ದಡ ರಾಯಚೂರು ತಾಲೂಕಿನ ದೇವಸುಗೂರು. ಮಕ್ತಲ್, ಮಾಗನೂರು, ಕೃಷ್ಣಾ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ತೆಲಂಗಾಣ ಸರ್ಕಾರದ ಕನ್ನಡ ಶಾಲೆಗಳೂ ಅಲ್ಲಿವೆ. ಜನಕ್ಕೆ ಇದೆಲ್ಲ ಒಂದೇ ಅಂಗಳ. ಜಿಎಸ್‌ಟಿ ಸಂಖ್ಯೆಗೆ ಮಾತ್ರ ಹಾಗಲ್ಲ. ಅದರ ಮೊದಲ ಎರಡು ಅಂಕೆ ರಾಜ್ಯದ ಗುರುತು: ರಾಯಚೂರಿನ ಗಿರಾಕಿಯದು 29, ಮಕ್ತಲ್‌ನವನದು 36, ತುಂಗಭದ್ರೆ ದಾಟಿದ ಕರ್ನೂಲಿನವನದು 37. ಗದ್ವಾಲ್‌ನ ವರ್ತಕನಿಗೆ ಈ ಮೂರೂ ದಿನನಿತ್ಯದ ಅಂಕೆಗಳು. ಒಂದೇ ಸೀರೆ 36ರವನಿಗೆ ಹೋದರೆ ಶೇಕಡಾ ಎರಡೂವರೆ ಎರಡೂವರೆಯಾಗಿ ಒಡೆದ ತೆರಿಗೆ, 29ರವನಿಗೆ ಹೋದರೆ ಒಡೆಯದ ಐದು. ಕೊಟ್ಟ ಮೊತ್ತ ಒಂದೇ ಆದರೂ ತಪ್ಪು ಖಾತೆಗೆ ಕಟ್ಟಿದರೆ ಸರಿಯಾದ ಖಾತೆಗೆ ಮತ್ತೆ ಕಟ್ಟಬೇಕು, ಮೊದಲು ಕಟ್ಟಿದ್ದನ್ನು ಅರ್ಜಿ ಹಾಕಿ ಮರಳಿ ಕೇಳಬೇಕು. 2018ರ ಏಪ್ರಿಲ್ 1ರಿಂದ ಗಡಿ ದಾಟುವ ಐವತ್ತು ಸಾವಿರಕ್ಕೆ ಮೇಲ್ಪಟ್ಟ ಸರಕಿಗೆ ಇ-ವೇ ಬಿಲ್ ಬೇರೆ. ಇನ್ನೊಂದು ವಿಚಿತ್ರವಿದೆ. ಸರಕು ಮಾರುವವರ ನೋಂದಣಿಯ ಮಿತಿಯನ್ನು 2019ರಲ್ಲಿ ಇಪ್ಪತ್ತು ಲಕ್ಷದಿಂದ ನಲವತ್ತಕ್ಕೆ ಏರಿಸಲು ರಾಜ್ಯಗಳಿಗೆ ಆಯ್ಕೆ ಕೊಟ್ಟಾಗ ಕರ್ನಾಟಕ ಏರಿಸಿಕೊಂಡಿತು, ತೆಲಂಗಾಣ ಇಪ್ಪತ್ತರಲ್ಲೇ ಉಳಿಯಿತು. ಹಾಗಾಗಿ ವರ್ಷಕ್ಕೆ ಮೂವತ್ತು ಲಕ್ಷದ ವಹಿವಾಟಿನ ಕಿರಾಣಿ ಅಂಗಡಿಯವನು ಹೊಳೆಯ ಆಚೆ ದಡದಲ್ಲಿದ್ದರೆ ನೆಮ್ಮದಿಯಾಗಿ ಚೀಟಿಯಲ್ಲೇ ಲೆಕ್ಕ ಬರೆಯಬಹುದು, ಈಚೆ ದಡದಲ್ಲಿದ್ದರೆ ನೋಂದಣಿ ಮಾಡಿಸಿ ಲೆಕ್ಕ ಒಪ್ಪಿಸಬೇಕು. ಸಾಫ್ಟ್‌ವೇರ್ ಮಾರುವವನ ಗಿರಾಕಿಯನ್ನು ಹುಟ್ಟಿಸಿದ್ದು ಹೊಳೆ ಎಂದರೂ ತಪ್ಪಿಲ್ಲ.

ಕನ್ನಡದಲ್ಲಿ ‘ಭಾಷೆ’ ಎಂಬ ಮಾತಿಗೆ ಎರಡು ಅರ್ಥ. ಆಡುವುದೂ ಭಾಷೆ, ಕೊಡುವುದೂ ಭಾಷೆ. ಈ ಕೆಲಸ ಎರಡರ ಮೇಲೂ ನಿಂತಿದೆ. ಆಡುವ ಭಾಷೆಯ ಮಟ್ಟಿಗೆ ಈ ಊರುಗಳ ಸೇಲ್ಸ್ ಹುಡುಗನಷ್ಟು ಸಿರಿವಂತ ಬೆಂಗಳೂರಿನಲ್ಲೂ ಸಿಗಲಿಕ್ಕಿಲ್ಲ. ಗಲ್ಲೆಯಲ್ಲಿ ಕೂತವರೊಂದಿಗೆ ತೆಲುಗು, ಒಳಗೆ ಕೂತ ಹಿರಿಯರೊಂದಿಗೆ ಕನ್ನಡ, ಗುಮಾಸ್ತನೊಂದಿಗೆ ದಖನಿ ಉರ್ದು, ನಾರಾಯಣಪೇಟೆಯ ಕೆಲವು ಮನೆಗಳಲ್ಲಿ ಮರಾಠಿ, ಕಂಪನಿಗೆ ಕಳಿಸುವ ವರದಿಯಲ್ಲಿ ಇಂಗ್ಲಿಷ್. ಇದು ಬರೀ ಅನುವಾದದ ಕಸುಬಲ್ಲ. ಪರದೆಯ ಮೇಲೆ ‘ಡೆಬಿಟ್’ ಎಂದಿದ್ದನ್ನು ‘ಅವರ ಕಡೆಯಿಂದ ನಮಗೆ ಬರಬೇಕಾದ್ದು’ ಎಂದು ಹೇಳಿದರೂ ಸಾವಕಾರರ ಮನಸ್ಸಿಗೆ ಇಳಿಯುವುದಿಲ್ಲ. ರೋಜ್‌ಕಿರ್ದಿಯ, ಅಂದರೆ ದಿನವಹಿಯ, ಯಾವ ಮಗ್ಗುಲಿಗೆ ಅದನ್ನು ಬರೆಯುತ್ತಿದ್ದರು ಎಂದು ಬೆರಳಿಟ್ಟು ತೋರಿಸಿದಾಗ ಇಳಿಯುತ್ತದೆ. ಈ ದೇಶದಲ್ಲಿ ಅತಿ ಹೆಚ್ಚು ಅಂಗಡಿಗಳನ್ನು ಹೊಕ್ಕ ಲೆಕ್ಕದ ಸಾಫ್ಟ್‌ವೇರುಗಳಲ್ಲೊಂದಾದ ಟ್ಯಾಲಿಯ ಕತೆಯೂ ಇದನ್ನೇ ಹೇಳುತ್ತದೆ. ಜವಳಿ ಗಿರಣಿಗಳಿಗೆ ಕಚ್ಚಾ ಸರಕು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಪ್ಪುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯಂಕಾ ಬರೆದುಕೊಟ್ಟರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇಂದಿನ ಬೆಂಗಳೂರಿನ ಟ್ಯಾಲಿ ಸೊಲ್ಯೂಷನ್ಸ್. ಆ ಕಾಲದ ಬೇರೆ ಸಾಫ್ಟ್‌ವೇರುಗಳು ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೇಳುತ್ತಿದ್ದಾಗ ಇದು ಹೆಸರನ್ನೇ ಹೆಸರಾಗಿ ಒಪ್ಪಿಕೊಂಡಿತು. ಸಾವಕಾರರಿಗೆ ಗಿರಾಕಿಯ ಹೆಸರು ನೆನಪಿರುತ್ತದೆ, ನಂಬರು ನೆನಪಿರುವುದಿಲ್ಲ. ತಂತ್ರಜ್ಞರ ಕಣ್ಣಿಗೆ ಸಣ್ಣದಾಗಿ ಕಾಣುವ ಈ ಉಪಾಯದ ಹಿಂದೆ ಒಂದು ಅಂಗಡಿಯ ತಿಳಿವಳಿಕೆ ಇತ್ತು. ಅಷ್ಟಾದರೂ ಆ ಕಂಪನಿ ಜಿಲ್ಲೆಗಳಲ್ಲಿ ತಾನೇ ನೇರವಾಗಿ ಬಾಗಿಲು ತಟ್ಟಲು ಹೋಗದೆ ಊರೂರಿನ ಪಾಲುದಾರರ ಕೈಯಲ್ಲಿ ಮಾರಿಸುತ್ತ ಬಂದಿದೆ. ಹೆಸರು ಎಷ್ಟೇ ದೊಡ್ಡದಿದ್ದರೂ ಊರಿನ ಮಟ್ಟಿಗೆ ಒಬ್ಬ ಜಾಮೀನುದಾರ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಸಾಕ್ಷಿ ಹೇಳೀತು?

ಕೊಡುವ ಭಾಷೆ ಇನ್ನೂ ಕಷ್ಟದ್ದು. ಒಂದು ಗದ್ವಾಲ್ ಸೀರೆಯ ಬಿಲ್ಲನ್ನೇ ತೆಗೆದುಕೊಳ್ಳಿ. ಪರದೆಯಲ್ಲಿ ಒಂದು ಚೌಕ ಸರಕಿನ ಹೆಸರು ಕೇಳುತ್ತದೆ, ಪಕ್ಕದ್ದು ಎಚ್‌ಎಸ್‌ಎನ್ ಎಂಬ ಸಂಕೇತ ಕೇಳುತ್ತದೆ. ರೇಷ್ಮೆಯ ನೇಯ್ಗೆಗೆ 5007, ತೆಳು ಹತ್ತಿಯ ನೇಯ್ಗೆಗೆ 5208. ಒಡಲು ಹತ್ತಿ, ಅಂಚು-ಸೆರಗು ರೇಷ್ಮೆ ಆದ ಸೀರೆ ಯಾವುದು? ನೇಕಾರ ಎರಡನ್ನೂ ಎಳೆಎಳೆಯಾಗಿ ಹೆಣೆದು ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ನವಿರಾಗಿ ಮಾಡಿದ್ದಾನೆ ಎಂಬ ಹೊಗಳಿಕೆ ಆ ಚೌಕಕ್ಕೆ ಬೇಡ. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಹಾಕು ಎನ್ನುತ್ತದೆ ನಿಯಮ. ಎರಡಕ್ಕೂ ತೆರಿಗೆ ಐದೇ ಆದ್ದರಿಂದ ಕಿಸೆಗೆ ವ್ಯತ್ಯಾಸವಿಲ್ಲ, ಚೌಕ ಮಾತ್ರ ಖಾಲಿ ಬಿಡುವಂತಿಲ್ಲ. ಸಾವಕಾರರು ಸೇಲ್ಸ್ ಹುಡುಗನ ಮುಖ ನೋಡುತ್ತಾರೆ. ಅವನು ತೆರಿಗೆ ಸಲಹೆಗಾರನಲ್ಲ, ಅವನ ನೇಮಕಪತ್ರದಲ್ಲಿ ಆ ಕೆಲಸವಿಲ್ಲ. ‘ನಿಮ್ಮ ಲೆಕ್ಕಿಗರನ್ನು ಕೇಳಿ’ ಎನ್ನುವುದು ಕಂಪನಿಯ ಪ್ರಕಾರ ಸರಿಯಾದ ಉತ್ತರ, ಊರಿನ ಪ್ರಕಾರ ಜಾರಿಕೊಳ್ಳುವ ಉತ್ತರ. ಆಗ ಅವನು ಏನು ಹೇಳುತ್ತಾನೋ ಅದು ಭಾಷೆ ಕೊಟ್ಟಂತೆ. ನೇಕಾರನಿಗೆ ಕೊಟ್ಟ ಮುಂಗಡ, ಅವನಿಗೆ ಹೋದ ನೂಲು, ಮರಳಿ ಬಂದ ಸೀರೆ, ಅದರಲ್ಲಿ ಮುರಿದುಕೊಂಡ ಮಜೂರಿ, ಹಬ್ಬಕ್ಕೆ ಮತ್ತೆ ಕೊಟ್ಟ ಕೈಗಡ ಎಂಬ ಸರಪಳಿಯನ್ನು ಯಾವ ಚೌಕದಲ್ಲಿ ತುಂಬುವುದು ಎಂಬ ಪ್ರಶ್ನೆ ಇನ್ನೂ ತೊಡಕಿನದು. ಪುಸ್ತಕದ ಪ್ರಕಾರ ಅದು ಜಾಬ್ ವರ್ಕ್, ಅಂದರೆ ಮಜೂರಿಗೆ ಮಾಡಿಸಿದ ಕೆಲಸ. ಸಾವಕಾರರ ಕೆಂಪು ವಹಿಯಲ್ಲಿ ಅದು ಎರಡು ತಲೆಮಾರಿನ ಸಂಬಂಧ, ತೀರದಿರುವುದೇ ಅದರ ಗುಣ. ಲೆಕ್ಕ ಚುಕ್ತಾ ಆಗಬೇಕೆಂದು ಹಟ ಹಿಡಿಯುವ ಯಂತ್ರಕ್ಕೂ, ಚುಕ್ತಾ ಆದರೆ ನೇಕಾರ ಬೇರೆ ಅಂಗಡಿಗೆ ಹೋಗುತ್ತಾನೆಂದು ಅಂಜುವ ಸಾವಕಾರರಿಗೂ ನಡುವೆ ನಿಂತವನ ಪಾಡು ಹೇಳತೀರದು. (ಈ ಸಂಬಂಧ ನೇಕಾರನಿಗೆ ಎಷ್ಟು ಹಿತ ಎಂಬುದು ಬೇರೆಯೇ ಪ್ರಬಂಧದ ಮಾತು, ಬಹಳ ಹಿತವಿರಲಿಕ್ಕಿಲ್ಲ.)

ಕಂಪನಿಯ ಪಂಚಾಂಗಕ್ಕೂ ಊರಿನ ಪಂಚಾಂಗಕ್ಕೂ ಕೂಡಿಬರದಿರುವುದು ಈ ಕೆಲಸದ ದೊಡ್ಡ ಫಜೀತಿ. ಕಂಪನಿಗೆ ಮೂರು ತಿಂಗಳಿಗೊಂದು ಯುಗಾದಿ, ಮಾರ್ಚ್ 31ಕ್ಕೆ ಮಹಾನವಮಿ. ಅಷ್ಟರೊಳಗೆ ಟಾರ್ಗೆಟ್ ಮುಟ್ಟಬೇಕು. ಊರಿನ ಹಣ ತೊಗರಿ ಮಾರುಕಟ್ಟೆಗೆ ಬಂದಾಗ, ಭತ್ತದ ದುಡ್ಡು ಕೈಸೇರಿದಾಗ, ಬೀಜದ ಫಲಿತಾಂಶ ಬಂದು, ಕಂಪನಿಗೂ ರೈತನಿಗೂ ನಡುವಿನ ಆರ್ಗನೈಸರ್ ಬಾಕಿ ಕೊಟ್ಟಾಗ ಬರುತ್ತದೆ. ಆಷಾಢದಲ್ಲಿ ಹೊಸದು ಯಾವುದನ್ನೂ ಮನೆಗೆ ತರುವುದಿಲ್ಲ, ಅಮಾವಾಸ್ಯೆಗೆ ಸಹಿ ಹಾಕುವುದಿಲ್ಲ, ಬೋಣಿಯಾಗುವ ಮೊದಲು ಗಲ್ಲೆಯಿಂದ ದುಡ್ಡು ಹೊರಗೆ ಹೋಗುವುದಿಲ್ಲ. ವ್ಯಾಪಾರ ಏಕೆ ಆಗಲಿಲ್ಲವೆಂದು ಬರೆಯಲು ಕಂಪನಿ ಕೊಟ್ಟ ತಂತ್ರಾಂಶದಲ್ಲಿ ಹತ್ತು ಕಾರಣಗಳ ಪಟ್ಟಿ ಇದ್ದರೂ ಅದರಲ್ಲಿ ಆಷಾಢ ಇರುವುದಿಲ್ಲ. ಹಾಗಾಗಿ ‘ಬಜೆಟ್ ಇಲ್ಲ’ ಎಂಬುದನ್ನು ಒತ್ತಿ ಹುಡುಗ ಮುಂದೆ ಹೋಗುತ್ತಾನೆ. ಅವನಿಗೆ ಸಿಗುವ ಉತ್ತರ ಮೂರು ಭಾಷೆಯಲ್ಲೂ ಒಂದೇ: ನಾಳಿ ಬರ್ರಿ, ರೇಪು ರಂಡಿ, ಕಲ್ ಆವ್. ರಾತ್ರಿ ಬಾಗಿಲು ಬಡಿಯುವ ದೆವ್ವವನ್ನು ದೂರವಿಡಲು ಕನ್ನಡದವರು ಒಂದು ಕಾಲಕ್ಕೆ ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು, ತೆಲುಗರು ‘ಓ ಸ್ತ್ರೀ ರೇಪು ರಾ’ ಎಂದು ಬರೆಯುತ್ತಿದ್ದರು. ಗಡಿಯ ಎರಡೂ ಬದಿ ಒಪ್ಪಿಕೊಂಡ ಈ ಉಪಾಯ ದೆವ್ವದ ಮೇಲೆ ನಡೆಯಿತೋ ಇಲ್ಲವೋ, ಸೇಲ್ಸ್‌ನವನ ಮೇಲೆ ನಡೆಯುವುದಿಲ್ಲ. ಅವನು ನಾಳೆ ನಿಜಕ್ಕೂ ಬರುತ್ತಾನೆ. ‘ನಾಳೆ ಬಾ’ ಎಂದವರು ಅವನು ಬಂದನೋ ಇಲ್ಲವೋ ಎಂದು ಎಣಿಸುತ್ತಲೂ ಇರುತ್ತಾರೆ. ಐದು ಸಲ ಸುಮ್ಮನೆ ಬಂದುಹೋದವನು ಆರನೆಯ ಸಲ ಕೆಟ್ಟು ನಿಂತಾಗಲೂ ಬಂದಾನು ಎಂಬ ತರ್ಕ ಅದು. ಬರಿಗೈಲಿ ಮರಳಿದ ಈ ದಿನಗಳನ್ನು ಕಂಪನಿ ವ್ಯರ್ಥವೆಂದು ಬರೆದುಕೊಳ್ಳುತ್ತದೆ. ನನ್ನ ಪ್ರಕಾರ ವ್ಯಾಪಾರ ನಡೆದದ್ದೇ ಆ ದಿನಗಳಲ್ಲಿ. ಸಹಿಯ ದಿನ ಬರೀ ಶಾಯಿಯ ಖರ್ಚು.

ಇದಕ್ಕೆ ಮೊದಲ ಆಕ್ಷೇಪ ಬರುವುದು ಮೊಬೈಲಿನ ಕಡೆಯಿಂದ. ಬಿಲ್ಲು ಹಾಕುವ, ಉದ್ರಿ ಬರೆಯುವ ಆ್ಯಪ್‌ಗಳು ಈಗ ಫೋನಿನಲ್ಲೇ ಸಿಗುತ್ತವೆ, ಹಲವು ಪುಕ್ಕಟೆ, ಕೆಲವು ಕನ್ನಡ ತೆಲುಗುಗಳಲ್ಲೂ ಇವೆ. ಯಾರೂ ಬಾಗಿಲಿಗೆ ಬರದೆ ಲಕ್ಷಗಟ್ಟಲೆ ಜನ ಅವನ್ನು ಇಳಿಸಿಕೊಂಡಿದ್ದಾರೆ. ಹಾಗಿರುವಾಗ ಈ ಊರು-ಪೈಕಿ-ಭಾಷೆಯ ಪುರಾಣವೆಲ್ಲ ಏಕೆ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಚಹಾದಂಗಡಿಯ ಉದ್ರಿ ಬರೆಯಲು ಮಧ್ಯವರ್ತಿ ಬೇಡ. ತಪ್ಪಾದರೆ ಹೋಗುವುದು ಹತ್ತಿಪ್ಪತ್ತು ರೂಪಾಯಿ. ಅಂಥಲ್ಲಿ ಸರಕು ತನ್ನನ್ನು ತಾನೇ ಮಾರಿಕೊಳ್ಳುತ್ತದೆ. ಆದರೆ ತಪ್ಪಿನ ಬೆಲೆ ಏರಿದ ಹಾಗೆ ಮನುಷ್ಯನ ಬೆಲೆಯೂ ಏರುತ್ತದೆ. ತಿಂಗಳ 11ಕ್ಕೆ ಮಾರಾಟದ ಪಟ್ಟಿ, 20ಕ್ಕೆ ತೆರಿಗೆಯ ಲೆಕ್ಕ ಒಪ್ಪಿಸಬೇಕಾದವರ ಅಂಗಡಿಯಲ್ಲಿ 19ರ ರಾತ್ರಿ ಕಂಪ್ಯೂಟರ್ ಮೊಂಡುಬಿದ್ದರೆ ಆ್ಯಪ್‌ನ ಸಹಾಯವಾಣಿ ಹಾಡು ಹಾಕಿ ಕಾಯಿಸುತ್ತದೆ, ತಡವಾದ ಒಂದೊಂದು ದಿನಕ್ಕೂ ಐವತ್ತು ರೂಪಾಯಿ ದಂಡ ಓಡುತ್ತದೆ. ಐವತ್ತು ರೂಪಾಯಿಗೆ ಸಾವಕಾರರು ಹೆದರುವುದಿಲ್ಲ. ಅವರ ಲೆಕ್ಕ ಪಟ್ಟಿಯಲ್ಲಿ ಕಾಣದಿದ್ದರೆ ಅವರಿಂದ ಕೊಂಡ ರಾಯಚೂರಿನ ವರ್ತಕನಿಗೆ ತೆರಿಗೆಯ ಜಮೆ ಸಿಗುವುದಿಲ್ಲ, ಅವನು ಫೋನು ಮಾಡಿ ಮಾನ ಕಳೆಯುತ್ತಾನೆ, ಹೆದರಿಕೆ ಅದಕ್ಕೆ. ಹೀಗೆ ಒಬ್ಬನ ಲೆಕ್ಕ ಇನ್ನೊಬ್ಬನ ಮರ್ಯಾದೆಗೆ ಗಂಟುಬಿದ್ದಿರುವಲ್ಲಿ ಪುಕ್ಕಟೆ ಎಂಬುದು ದುಬಾರಿ ಮಾತು. ‘ಬಂಗಾರಕ್ಕೆ ಮೂರು, ಸೀರೆಗೆ ಐದು, ನಿಮ್ಮ ಸಾಫ್ಟ್‌ವೇರಿಗೆ ಹದಿನೆಂಟಾ?’ ಎಂದು ತೆರಿಗೆಯ ದರ ಹಿಡಿದು ಚೌಕಾಸಿ ಮಾಡುವವರೂ ಕೊನೆಗೆ ಕೊಡುತ್ತಾರೆ. ಹತ್ತು ಸಾವಿರದ ಮೇಲಿನ ಆ ಸಾವಿರದೆಂಟುನೂರನ್ನು ನೋಂದಣಿಯಾದ ವರ್ತಕ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಬಿಡಿಸಿ ಹೇಳುವ ನಾಲಿಗೆ ಮಾತ್ರ ಅಲ್ಲಿರಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಹಾಗಾದರೆ ಸರಕಿಗೆ ಮಾರುವವನೇ ಒರೆಗಲ್ಲು ಎಂದಂತಾಯಿತು, ಕಮಿಷನ್ ತಿನ್ನುವ ಕಲ್ಲು ಎಲ್ಲಾದರೂ ಉಂಟೇ? ನಿಜ. ಅಕ್ಕಸಾಲಿಗನ ಕಲ್ಲಿಗೆ ತಿಂಗಳ ಗುರಿ ಇರುವುದಿಲ್ಲ. ಸೇಲ್ಸ್‌ನವನಿಗೆ ಇದೆ, ಆ ಗುರಿ ಅವನ ಬಾಯಲ್ಲಿ ಒಂದು ಅಪಾಯದ ಶಬ್ದವನ್ನು ಇಡುತ್ತದೆ: ‘ಆಗ್ತದ’. ಬೀಜದ ಮುಂಗಡದ ಲೆಕ್ಕ ಇದರಲ್ಲಿ ಬರುತ್ತದೇನ್ರಿ? ಆಗ್ತದ. ತೆಲುಗಿನಲ್ಲಿ ಬಿಲ್ಲು? ಆಗ್ತದ. ಹಳೆಯ ಐದು ವರ್ಷದ ಬಾಕಿ ಎಲ್ಲ ತಾನೇ ಏರಿಸಿಕೊಳ್ಳುತ್ತದೇನು? ಅದೂ ಆಗ್ತದ. ಒಬ್ಬನೇ ಗುಮಾಸ್ತನಿರುವ ಅಂಗಡಿಗೆ ಹಲವರು ಒಟ್ಟಿಗೆ ಬಳಸುವ ದುಬಾರಿ ಆವೃತ್ತಿಯನ್ನು ಅಂಟಿಸುವುದು, ಮಾರ್ಚ್ ಕೊನೆಯ ವಾರ ‘ಈಗ ಬಿಲ್ಲು ಹಾಕ್ಕೊಳ್ರಿ, ದುಡ್ಡು ಆಮ್ಯಾಲೆ’ ಎಂದು ಗುರಿ ತುಂಬಿಸಿಕೊಳ್ಳುವುದು, ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡುವುದು, ಇವೆಲ್ಲ ಈ ಕಸುಬು ಬಲ್ಲವರಿಗೆ ಹೊಸತಲ್ಲ. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದೇ ಕಾರಣಕ್ಕೆ ಊರಿನ ಆ ಮೂರು ಪ್ರಶ್ನೆಗಳಿಗೆ ಬೆಲೆ ಬರುತ್ತದೆ. ಹೈದರಾಬಾದಿನಿಂದ ಫೋನಿನಲ್ಲೇ ಮಾರಿ ಮುಗಿಸುವವನು ‘ಆಗ್ತದ’ ಎಂದರೆ ಆ ಮಾತಿಗೆ ಬಡ್ಡಿಯಿಲ್ಲ. ಮಕ್ತಲ್‌ನ ಹುಡುಗ ಅದೇ ಮಾತು ಹೇಳಿ ಆಗದೆ ಹೋದರೆ, ಮುಂದಿನ ಶನಿವಾರ ಪಡಮಟಿ ಆಂಜನೇಯನ ಗುಡಿಯಲ್ಲಿ ಅದೇ ಸಾವಕಾರರು ಸಿಗುತ್ತಾರೆ, ತಂಗಿಯ ಮದುವೆಯ ಮಾತುಕತೆಯಲ್ಲಿ ಅವರ ಬೀಗರು ಸಿಗುತ್ತಾರೆ. ಸುಳ್ಳಿನ ವೆಚ್ಚವನ್ನು ಮಾರುವವನ ಮನೆಯವರೆಗೂ ತಂದುಮುಟ್ಟಿಸುವ ಏರ್ಪಾಡು ಇದು. ಬೀಜದ ಆರ್ಗನೈಸರ್‌ಗಳೂ ಕಂಪನಿ ಮತ್ತು ರೈತನ ನಡುವೆ ನಿಂತಿರುವುದು ಇದೇ ಜಾಗದಲ್ಲಿ. ಫಲಿತಾಂಶ ಕೆಟ್ಟ ವರ್ಷ ರೈತರು ಹುಡುಕಿಕೊಂಡು ಹೋಗುವುದು ಕಂಪನಿಯ ಕಚೇರಿಗಿಂತ ಮೊದಲು ಅವರ ಮನೆಯ ಕಟ್ಟೆಗೆ. ಏರ್ಪಾಡು ನ್ಯಾಯದ್ದೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಬೀಜ ಫೇಲಾದರೆ ನಷ್ಟ ರೈತನದು, ಬೈಗುಳ ಆರ್ಗನೈಸರ್‌ನದು, ನಿಯಮ ಕಂಪನಿಯದು. ಸಾಫ್ಟ್‌ವೇರಿನಲ್ಲೂ ತೀರ ಬೇರೆಯಾಗಿಲ್ಲ.

ಹಾಗಾದರೆ ಇದು ಒಬ್ಬ ಸಂಬಳದವನ ಹೆಗಲ ಮೇಲೆ ಊರಿನ ಭಾರ ಹೊರಿಸುವ ಕೆಲಸವಲ್ಲವೇ, ಎಂಬುದು ಮೂರನೆಯ ಮಾತು. ಹೌದು, ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕಂಪನಿ ಅವನಿಗೆ ಸಂಬಳ ಕೊಡುವುದು ಸಹಿಯ ದಿನಕ್ಕೆ. ಅದಕ್ಕೆ ಮುಂಚಿನ ಐದು ‘ನಾಳೆ’ಗಳಿಗೆ ಪೆಟ್ರೋಲ್ ಭತ್ಯೆ ಸಿಕ್ಕರೆ ಪುಣ್ಯ, ಆಮೇಲಿನ 19ರ ರಾತ್ರಿಗಳಿಗೆ ಏನೂ ಇಲ್ಲ, ಆ ಕೆಲಸಕ್ಕೆ ಬೇರೆ ವಿಭಾಗವಿದೆ, ಬೇರೆ ನಂಬರಿದೆ, ದಯವಿಟ್ಟು ಅಲ್ಲಿ ದೂರು ದಾಖಲಿಸಿ. ಕಾಗದದ ಮೇಲೆ ಈ ವಿಭಜನೆ ಚೆಂದ. ಊರು ಅದನ್ನು ಒಪ್ಪುವುದಿಲ್ಲ. ಮಾರಿದವನೊಬ್ಬ, ರಿಪೇರಿಗೆ ಇನ್ನೊಬ್ಬ ಎಂಬುದು ಊರಿನ ಕಿವಿಗೆ ಹೆತ್ತವಳೊಬ್ಬಳು, ಹಾಲೂಡಿಸುವವಳು ಇನ್ನೊಬ್ಬಳು ಎಂದಂತೆ ಕೇಳುತ್ತದೆ. ಈ ಕಂದಕದಲ್ಲಿ ನಿಂತು ಹುಡುಗರು ಸವೆಯುತ್ತಾರೆ. ಒಂದೆರಡು ವರ್ಷಕ್ಕೆ ಕೆಲಸ ಬಿಟ್ಟು ವಿಮೆಗೋ ಮೈಕ್ರೋಫೈನಾನ್ಸಿಗೋ ಹೋಗುತ್ತಾರೆ, ಬುದ್ಧಿವಂತರು ತಮ್ಮದೇ ಕಂಪ್ಯೂಟರ್ ಅಂಗಡಿ ತೆರೆಯುತ್ತಾರೆ. ಕಂಪನಿಗಳು ಇದನ್ನು ಹುಡುಗರ ಚಂಚಲತೆ ಎನ್ನುತ್ತವೆ. ಸಂಬಳದ ಪಟ್ಟಿಯನ್ನು ಒಮ್ಮೆ ತಿರುವಿದರೆ ಬೇರೆಯದೇ ಕಾಣುತ್ತದೆ. ವರ್ಷ ಮುಗಿದ ಮೇಲೂ ಎಷ್ಟು ಅಂಗಡಿಗಳು ನವೀಕರಿಸಿಕೊಂಡವು ಎಂದು ಎಣಿಸಿ ಅದಕ್ಕೆ ಪಾಲು ಕೊಟ್ಟರೆ, ದುರಸ್ತಿಗೆ ಓಡಿದ ಓಡಾಟಕ್ಕೆ ಒಂದು ಅಂಕಣ ತೆರೆದರೆ, ಎಷ್ಟೋ ಹುಡುಗರು ಉಳಿದಾರು, ‘ಆಗ್ತದ’ ಎಂಬ ಸುಳ್ಳೂ ಕಡಿಮೆಯಾದೀತು. ತಾನೇ ಹೋಗಿ ಸರಿಮಾಡಬೇಕೆಂದು ಗೊತ್ತಿರುವವನು ಆಗದ್ದನ್ನು ಆಗುತ್ತದೆ ಎನ್ನುವುದಿಲ್ಲ.

ಹೊಸ ಜಿಲ್ಲೆಗಳಾದ ಮೇಲೆ, ಗದ್ವಾಲ್ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ, ಈ ಊರುಗಳಲ್ಲಿ ಬೋರ್ಡು ಹೆಚ್ಚಿವೆ, ಕಂಪ್ಯೂಟರ್ ಹೆಚ್ಚಿವೆ, ಸೇಲ್ಸ್‌ನವರೂ ಹೆಚ್ಚಿದ್ದಾರೆ. ಹಳೆಯ ಅಂಗಡಿಗಳ ಗಲ್ಲೆಯ ಪಕ್ಕದ ಗೋಡೆಯೊಂದು ಮಾತ್ರ ಹಾಗೇ ಇದೆ. ತೆಲುಗು ಕ್ಯಾಲೆಂಡರಿನ ಕೆಳಗೆ, ಸುಣ್ಣದ ಮೇಲೆ ಪೆನ್ಸಿಲ್ಲಿನಿಂದ ಗೀಚಿದ ನಂಬರುಗಳು: ಗ್ಯಾಸಿನವನದು, ಕರೆಂಟಿನವನದು, ಆಟೋದವನದು, ಹಮಾಲರ ಮೇಸ್ತ್ರಿಯದು, ಅವುಗಳ ನಡುವೆ ‘ಕಂಪ್ಯೂಟರ್ ಹುಡುಗ’ ಎಂದು ಹತ್ತು ಅಂಕೆ. ಕಂಪನಿಯ ಹೆಸರು ಅಲ್ಲಿರುವುದಿಲ್ಲ. ಕಂಪನಿಯ ಸರ್ವರಿನಲ್ಲಿ ಅದೇ ಅಂಗಡಿಯ ಎದುರು ‘ವ್ಯವಹಾರ ಮುಗಿದಿದೆ’ ಎಂದು ಹಸಿರು ಗುರುತು ಬಿದ್ದು ಎಷ್ಟೋ ತಿಂಗಳಾಗಿರುತ್ತದೆ. ಹುಡುಗ ಕೆಲಸ ಬಿಟ್ಟು ಬೇರೆ ಕಂಪನಿ ಸೇರಿರಬಹುದು, ಅವನ ಜಾಗಕ್ಕೆ ಬಂದವನು ತನ್ನ ಕಾರ್ಡನ್ನು ಗಾಜಿನ ಕೆಳಗೆ ಸೇರಿಸಿ ಹೋಗಿರಬಹುದು. 19ರ ರಾತ್ರಿ ಪರದೆ ಕಪ್ಪಾದರೆ ಗುಮಾಸ್ತ ಗಾಜಿನ ಕೆಳಗೆ ನೋಡುವುದಿಲ್ಲ, ಗೋಡೆ ನೋಡುತ್ತಾನೆ.